ಮೂರು ಗಂಟೆ ತಡವಾಗಿ ಬಂದ ಹೆಸರು

ಕೇಳುಗರೇ, ನಮಸ್ಕಾರ. ವಿಷಗಾಳಿಯನ್ನು ನಿಂತಲ್ಲೇ ಗುರುತಿಸುವ ಕೈಯಂತ್ರಗಳ ಬಗ್ಗೆ ಇವತ್ತಿನ ಮಾತು. ಅಗ್ನಿಶಾಮಕ ಠಾಣೆಯಲ್ಲಿ, ಕಾರ್ಖಾನೆ ಗೇಟಿನಲ್ಲಿ ಡ್ಯೂಟಿ ಮೇಲಿರುವವರು ದಯವಿಟ್ಟು ಕಿವಿಗೊಡಿ. ಹೇಳುವುದು ಒಂದೇ: ಒಂದು ಯಂತ್ರ ಕೊಟ್ಟ ಹೆಸರನ್ನು ನೆಚ್ಚಿ ಕೂರಬೇಡಿ, ಬೇರೆ ಬಗೆಯ ಇನ್ನೊಂದನ್ನು ಕೇಳಿ.

1995ರ ಮಾರ್ಚ್ 20, ಟೋಕಿಯೋ. ಬೆಳಗಿನ ಎಂಟರ ನೂಕುನುಗ್ಗಲು. ಐದು ಸುರಂಗ ರೈಲುಗಳಲ್ಲಿ ಸಾರಿನ್ ಎಂಬ, ಕೆಲವು ಕೀಟನಾಶಕಗಳ ಜಾತಿಯದೇ ಆದ ನರವಿಷ ಚೆಲ್ಲಿದ್ದರು. ಅಗ್ನಿಶಾಮಕ ದಳದಿಂದ ಆಸ್ಪತ್ರೆಗೆ ಮೊದಲು ಬಂದ ಹೆಸರು ಅಸಿಟೋನೈಟ್ರೈಲ್, ಅದೊಂದು ದ್ರಾವಕ. ಉಪಕರಣ ಸುಳ್ಳಾಡಿರಲಿಲ್ಲ, ಆ ದ್ರವದಲ್ಲಿ ಅದೂ ಬೆರೆತಿತ್ತು. ಆದರೆ ಜೀವ ತೆಗೆಯುತ್ತಿದ್ದದ್ದು ಅದಲ್ಲ. ಸೇಂಟ್ ಲ್ಯೂಕ್ಸ್ ಆಸ್ಪತ್ರೆಯೊಂದಕ್ಕೇ ಅಂದು 640 ಜನ ಬಂದರು. ಬಂದವರ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿತ್ತು. ಕೀಟನಾಶಕ ಕುಡಿದವರನ್ನು ನೋಡಿದ ನಮ್ಮ ತಾಲ್ಲೂಕು ವೈದ್ಯರಿಗೂ ಈ ಗುರುತು ಚೆನ್ನಾಗಿ ಗೊತ್ತು. ಹಿಂದಿನ ವರ್ಷ ಜಪಾನಿನದೇ ಮತ್ಸುಮೋಟೊ ಊರಿನಲ್ಲಿ ಸಾರಿನ್ ತಾಗಿದವರಿಗೆ ಚಿಕಿತ್ಸೆ ಕೊಟ್ಟಿದ್ದ ವೈದ್ಯರೊಬ್ಬರು ಟೀವಿ ನೋಡಿ ತಾವೇ ಫೋನ್ ಮಾಡಿದರು. ಪೊಲೀಸರು ಸಾರಿನ್ ಎಂದು ಸಾರುವಾಗ ಹನ್ನೊಂದು ಗಂಟೆ. ಕಣ್ಣಿನ ಪಾಪೆ ಆಗಲೇ ಹೇಳಿಬಿಟ್ಟಿತ್ತು!

ಈಗಿನ ಕೈಯಂತ್ರ ಗಾಳಿಯನ್ನು ಒಳಗೆಳೆದು, ಅಣುಗಳಿಗೆ ವಿದ್ಯುದಂಶ ಕೊಟ್ಟು ಓಡಿಸುತ್ತದೆ. ಯಾವುದು ಎಷ್ಟು ಮಿಲಿಸೆಕೆಂಡಿನಲ್ಲಿ ಗುರಿ ಮುಟ್ಟಿತು ಎಂಬುದನ್ನು ನೋಡಿ ಅದರ ತಂತ್ರಾಂಶ, ಕೆಲವದರಲ್ಲಿ ಕೃತಕ ಬುದ್ಧಿಮತ್ತೆ, ಹೆಸರು ಊಹಿಸುತ್ತದೆ. ಹೌದು, ಊಹೆ. ನೋವಿನ ಮುಲಾಮಿನಲ್ಲಿರುವ ಮೀಥೈಲ್ ಸ್ಯಾಲಿಸಿಲೇಟ್ ಮೂಸಿದರೂ ಅದು ಗುಳ್ಳೆ ಎಬ್ಬಿಸುವ ಮಸ್ಟರ್ಡ್ ವಿಷವೆಂದು ಕೂಗಬಹುದು. ಪ್ರಯೋಗಾಲಯದ ಶುದ್ಧ ಗಾಳಿಯಲ್ಲಷ್ಟೇ ಕಲಿತ ಯಂತ್ರಕ್ಕೆ ಸಂತೆಯ ಗಾಳಿ ಅರ್ಥವಾಗದು. ಡೀಸೆಲ್ ಹೊಗೆ, ಫಿನಾಯಿಲ್, ಅತ್ತರು ಇವನ್ನೂ ಕಲಿಸಿರಬೇಕು. ಗುರುತು ಸಿಗದಿದ್ದರೆ ‘ಗೊತ್ತಿಲ್ಲ’ ಅನ್ನುವುದನ್ನೂ ಕಲಿಸಿರಬೇಕು. ಖರೀದಿಸುವಾಗ ಇದನ್ನು ಕೇಳದೆ ಸಹಿ ಹಾಕಬೇಡಿ.

ಹಾಗಾದರೆ ಎರಡನೆಯ ಸಾಕ್ಷಿ ಯಾವುದು? ನರವಿಷದ ಅನುಮಾನವಿದ್ದರೆ ಬಣ್ಣದ ಮೂಲಕ ಉತ್ತರ ಹೇಳುವ ಕಿಣ್ವದ ಚೀಟಿ. ಕೆಲವು ನಿಮಿಷ ಹಿಡಿಯುತ್ತದೆ, ಕಾಯಿರಿ. ಕೀಟನಾಶಕ ಹೊಡೆದ ತೋಟದಲ್ಲಿ ಅದೂ ಮೋಸ ಹೋಗುತ್ತದೆ. ಪಾರದರ್ಶಕ ಬಾಟಲಿಯೊಳಗಿನ ದ್ರವಕ್ಕೆ, ಚದುರಿ ಬಂದ ಬೆಳಕಿನಿಂದ ವಸ್ತುವನ್ನು ಗುರುತಿಸುವ ರಾಮನ್ ಲೇಸರ್ ಸಾಕು, ಮುಚ್ಚಳ ತೆಗೆಯಬೇಕಿಲ್ಲ. ಕಪ್ಪು ಪುಡಿಗೆ ಮಾತ್ರ ಬೇಡ, ಕಾದು ಹೊತ್ತಿಕೊಳ್ಳಬಹುದು.

ಸಮಯ ಮುಗಿಯುತ್ತಾ ಬಂತು, ರೋಗಾಣುಗಳ ಬಗ್ಗೆ ಎರಡೇ ಮಾತು. ಗೆರೆ ಮೂಡುವ ಪಟ್ಟಿ ಹದಿನೈದು ನಿಮಿಷದಲ್ಲಿ ಉತ್ತರ ಕೊಡುತ್ತದೆ, ಆದರೆ ರೋಗಾಣು ಹೇರಳವಾಗಿದ್ದರಷ್ಟೇ. ಗೆರೆ ಬಾರದಿದ್ದರೂ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲೇಬೇಕು.

ಪ್ರತಿ ಪಾಳಿಯ ಆರಂಭದಲ್ಲಿ ಯಂತ್ರವನ್ನು ತೆರೆದ ಗಾಳಿಯಲ್ಲಿ ಓಡಿಸಿ, ಜೊತೆಗೆ ಬಂದ ಪರೀಕ್ಷಾ ಕಡ್ಡಿ ತೋರಿಸಿ. ಮಳೆಗಾಲದಲ್ಲಿ ತೇವ ಹೀರುವ ಡಬ್ಬಿಯನ್ನು ಬೇಗ ಬದಲಿಸಿ. ಎರಡೂ ಉಪಕರಣ ಹೇಳಿದ್ದನ್ನು, ಗಂಟೆ ನಿಮಿಷದ ಸಮೇತ, ಆಂಬುಲೆನ್ಸಿನವರ ಕೈಗೆ ಬರೆದು ಕೊಡಿ. ನಮಸ್ಕಾರ.