1/72 ಲಿಬರೇಟರ್‌ನ ಗ್ಲಾಸ್ ಮಾಸ್ಕಿಂಗ್, ಟೇಪ್ ಬಿಚ್ಚೋ ದಿನ

"ಏನೋ ಇದು, ವಿಮಾನಕ್ಕೆ ಏಟು ಬಿದ್ದಿದ್ಯಾ, ಇಷ್ಟೊಂದು ಬ್ಯಾಂಡೇಜ್ ಸುತ್ತಿದ್ದೀಯಲ್ಲ" ಅಂದ್ರು ಅಮ್ಮ, ನಿನ್ನೆ ಕಾಫಿ ಲೋಟ ಇಡೋಕೆ ರೂಮಿಗೆ ಬಂದಾಗ. ಅವರದ್ದೇನೂ ತಪ್ಪಿಲ್ಲ ಬಿಡಿ. ನೀವೇ ವಿಡಿಯೋದಲ್ಲಿ ನೋಡ್ತಿದ್ದೀರಲ್ಲ, ಮೂಗು, ಕಾಕ್‌ಪಿಟ್ಟು, ಬೆನ್ನ ಮೇಲಿನ ಟರೆಟ್ಟು (ಗನ್ ಕೂರಿಸಿರೋ ಗಾಜಿನ ಗೂಡು), ಬಾಲದ ಟರೆಟ್ಟು, ಎಲ್ಲಿ ನೋಡಿದ್ರೂ ಹಳದಿ ಟೇಪು.

ಇದು ಎರಡನೇ ಮಹಾಯುದ್ಧದ ನಾಲ್ಕು ಇಂಜಿನ್ ಬಾಂಬರ್ ಬಿ-24 ಲಿಬರೇಟರ್‌ನ ಪ್ಲಾಸ್ಟಿಕ್ ಮಾಡೆಲ್ಲು, ಸ್ಕೇಲು 1/72, ಅಂದ್ರೆ ಉದ್ದ ಅಗಲ ಎಲ್ಲ ಅಸಲಿಯ 72ರಲ್ಲಿ ಒಂದು ಪಾಲು. ಅಸಲಿ ವಿಮಾನದ ರೆಕ್ಕೆ ಈ ತುದಿಯಿಂದ ಆ ತುದಿಗೆ 110 ಅಡಿ, ನನ್ನ ಟೇಬಲ್ ಮೇಲೆ ಒಂದೂವರೆ ಅಡಿ ಚಿಲ್ರೆ. ಇದನ್ನೇ ಯಾಕೆ ಆರಿಸ್ಕೊಂಡೆ ಅಂದ್ರೆ ಇದಕ್ಕೂ ನಮ್ಮ ಬೆಂಗಳೂರಿಗೂ ನಂಟಿದೆ. ಯುದ್ಧ ಮುಗಿದ್ಮೇಲೆ ಬ್ರಿಟಿಷರು ಕಾನ್ಪುರದಲ್ಲಿ ಸಾಲು ಸಾಲಾಗಿ ಲಿಬರೇಟರ್‌ಗಳನ್ನ ಬಿಟ್ಟು ಹೋದ್ರು, ಸುಮ್ನೆ ಬಿಟ್ಟು ಹೋಗಿದ್ದಲ್ಲ, ಯಾರೂ ಮತ್ತೆ ಹಾರಿಸಬಾರದು ಅಂತ ಬೇಕಂತಲೇ ಕೆಡಿಸಿ ಹೋಗಿದ್ರು. 1948ರಲ್ಲಿ ನಮ್ಮ ಎಚ್‌ಎಎಲ್‌ನವರು ಹೋಗಿ ಅವನ್ನ ಹೇಗೋ ಹಾರೋ ಮಟ್ಟಕ್ಕೆ ತಂದ್ರು, ಟೆಸ್ಟ್ ಪೈಲಟ್ ಜಮ್ಶೆಡ್ ಮುನ್ಶಿ ಆ ಅರ್ಧಂಬರ್ಧ ರಿಪೇರಿ ಆದ ವಿಮಾನಗಳನ್ನ ಬೆಂಗಳೂರಿಗೆ ಹಾರಿಸ್ಕೊಂಡು ಬಂದ್ರು, ಪೂರ್ತಿ ರಿಪೇರಿ ಆಗಿದ್ದು ಇಲ್ಲಿ. ಹಾಗೆ ಎದ್ದು ಬಂದ ವಿಮಾನಗಳು ನಮ್ಮ ಏರ್‌ಫೋರ್ಸ್‌ನಲ್ಲಿ 1968ರವರೆಗೂ ಹಾರಿದ್ವು. ಲಂಡನ್‌ನ ಆರ್‌ಎಎಫ್ (ಬ್ರಿಟಿಷ್ ಏರ್‌ಫೋರ್ಸ್) ಮ್ಯೂಸಿಯಂನಲ್ಲಿ ಒಂದು ಲಿಬರೇಟರ್ ಇದೆಯಲ್ಲ, ಅದೂ ನಮ್ಮ ಏರ್‌ಫೋರ್ಸ್‌ನಿಂದ ಹೋಗಿದ್ದೇ.

ಸರಿ, ಗ್ಲಾಸಿನ ವಿಷಯಕ್ಕೆ ಬರ್ತೀನಿ. ಈ ವಿಮಾನ ನನಗೆ ಎಷ್ಟು ಇಷ್ಟಾನೋ ಇದರ ಕಿಟಕಿಗಳ ಮೇಲೆ ಅಷ್ಟೇ ಸಿಟ್ಟು. ಗ್ಲಾಸ್ ಅಂತೀವಿ, ಅಸಲಿಗೆ ಕ್ಲಿಯರ್ ಪ್ಲಾಸ್ಟಿಕ್ಕು. ಒಂದೊಂದು ಗಾಜಿನ ಸುತ್ತ ಫ್ರೇಮ್ ಇದೆ, ಆ ಫ್ರೇಮಿಗೆ ಮಾತ್ರ ಪೇಂಟ್ ಆಗ್ಬೇಕು, ಗಾಜಿಗೆ ತಾಗಬಾರದು, ಅದಕ್ಕೇ ಗಾಜಿನ ಮೇಲೆಲ್ಲ ಟೇಪು, ಮಾಸ್ಕಿಂಗ್ ಅನ್ನೋದು ಇದಕ್ಕೇ. ಅಸಲಿ ವಿಮಾನದಲ್ಲಿ ಒಂದಿಂಚು ಅಗಲ ಇರೋ ಫ್ರೇಮು ಈ ಸ್ಕೇಲಲ್ಲಿ 0.35 ಮಿಲಿಮೀಟರ್ ಆಗತ್ತೆ, ಅಂದ್ರೆ ಟೇಪ್ ಅಡಿಗೆ ಪೇಂಟ್ ಒಂದು ಅರ್ಧ ಮಿಲಿಮೀಟರ್ ನುಗ್ಗಿದ್ರೂ ಫ್ರೇಮು ಎರಡು ಪಟ್ಟಿಗಿಂತ ದಪ್ಪ ಕಾಣತ್ತೆ, ಆಮೇಲೆ ರೆಕ್ಕೆ ಎಷ್ಟೇ ಚೆನ್ನಾಗಿ ಮಾಡಿರಿ, ನೋಡೋರ ಕಣ್ಣು ಹೋಗೋದು ಅಲ್ಲಿಗೇ.

ಟೇಪು ಯಾವುದು ಅಂತ ತುಂಬ ಜನ ಕೇಳ್ತೀರಾ. ಗೋಡೆ ಪೇಂಟ್ ಮಾಡೋರು ಹಚ್ಚೋ ಮಾಸ್ಕಿಂಗ್ ಟೇಪ್ ಬೇಡ, ದಯವಿಟ್ಟು ಬೇಡ. ಅದು ಸುಕ್ಕು ಸುಕ್ಕು ಕಾಗದ, ಆ ಸುಕ್ಕಿನ ಸಂದಿಯಲ್ಲೇ ಪೇಂಟ್ ಒಳಗೆ ಹರಿಯತ್ತೆ. ನಾನು ಹಚ್ಚಿರೋದು ಮಾಡೆಲ್ ಕಂಪನಿ ಟಮಿಯಾದ ಟೇಪು, ತೆಳ್ಳಗಿನ ಜಪಾನಿ ಕಾಗದ, ಅಂಟು ಕಮ್ಮಿ, ಅಂಚು ನೀಟಾಗಿ ಕೂರತ್ತೆ. 6 ಮಿಲಿಮೀಟರ್, 10, 18 ಹೀಗೆ ಅಗಲ ಬರತ್ತೆ, ಈ ಕೆಲಸಕ್ಕೆ 10 ಸಾಕು.

ಬ್ಲೇಡು ಸರ್ಜಿಕಲ್ ಬ್ಲೇಡು, 11ನೇ ನಂಬರ್. ಮೆಡಿಕಲ್ ಶಾಪಲ್ಲಿ ಸಿಗತ್ತೆ, ಮೊದ್ಲ ಸಲ ಹತ್ತು ಬ್ಲೇಡ್ ಕೊಡಿ ಅಂದಾಗ ಅಂಗಡಿಯವರು ನನ್ನನ್ನ ಮೇಲಿಂದ ಕೆಳಗೆ ನೋಡಿ ಯಾತಕ್ಕೆ ಸಾರ್ ಅಂದ್ರು, ವಿಮಾನದ ಕಿಟಕಿಗೆ ಅಂದೆ, ಆಮೇಲೆ ಅವರು ಏನೂ ಕೇಳ್ಲಿಲ್ಲ.

ಈ ಶಾಟ್ ಸ್ವಲ್ಪ ಗಮನ ಇಟ್ಟು ನೋಡಿ. ಒಂದು ಗಾಜಿಗಿಂತ ದೊಡ್ಡ ಚೂರು ಟೇಪ್ ಅಂಟಿಸಿದೆ, ಟೂತ್‌ಪಿಕ್‌ನಿಂದ ಫ್ರೇಮಿನ ಅಂಚಿಗೆ ಸುತ್ತ ಒತ್ತಿದೆ. ಒತ್ತಿದ ಕಡೆ ಒಂದು ಗೆರೆ ಮೂಡತ್ತೆ, ಆದ್ರೆ ಮೇಲಿನ ಟ್ಯೂಬ್‌ಲೈಟಲ್ಲಿ ಅದು ಕಾಣಲ್ಲ, ಟ್ಯೂಬ್‌ಲೈಟ್ ಆಫ್ ಮಾಡಿ ಟೇಬಲ್ ಲ್ಯಾಂಪನ್ನ ಪಕ್ಕಕ್ಕೆ, ಕೆಳಗೆ ಇಡಿ, ಈಗ ನೋಡಿ ನೆರಳು ಬಿದ್ದು ಗೆರೆ ಹೇಗೆ ಎದ್ದು ಕಾಣ್ತಿದೆ. ಆ ಗೆರೆ ಮೇಲೆ ಹೊಸ ಬ್ಲೇಡು ಓಡಿಸ್ಬೇಕು, ಒತ್ತೋ ಹಾಗಿಲ್ಲ, ಬ್ಲೇಡಿನ ಭಾರ ಮಾತ್ರ, ಒಂದ್ಸಲಕ್ಕೆ ತುಂಡಾಗ್ಲಿಲ್ಲ ಅಂದ್ರೆ ಇನ್ನೊಂದ್ಸಲ. ಒತ್ತಿದ್ರೆ ಪ್ಲಾಸ್ಟಿಕ್ ಮೇಲೆ ಗೀರು ಬೀಳತ್ತೆ. ನಾನು ಆರೇಳು ಗಾಜಿಗೆ ಒಂದು ಬ್ಲೇಡ್ ಬಿಸಾಕ್ತೀನಿ, ಇದರಲ್ಲಿ ಮಾತ್ರ ಜಿಪುಣತನ ಇಲ್ಲ.

ಟರೆಟ್ ದುಂಡಗಿದೆ, ದುಂಡಗಿರೋ ಕಡೆ ಟೇಪು ಎಳೆದ್ರೂ ಬಗ್ಗಲ್ಲ, ಮಡಿಕೆ ಬೀಳತ್ತೆ. ಅದಕ್ಕೆ ಒಂದು ಮಿಲಿಮೀಟರ್ ಅಗಲದ ಎಳೆಗಳನ್ನ ಕತ್ತರಿಸಿ ಅಂಚಿಗಷ್ಟೇ ಕೂರಿಸಿ, ಮಧ್ಯದ ಜಾಗಕ್ಕೆ ಲಿಕ್ವಿಡ್ ಮಾಸ್ಕ್ ಹಚ್ಚಿದ್ದೀನಿ, ಒಣಗಿದ್ರೆ ರಬ್ಬರ್ ಥರ ಆಗತ್ತೆ. ಬರೀ ಲಿಕ್ವಿಡ್ಡಲ್ಲೇ ಮುಗಿಸೋಣ ಅಂತ ಹೋಗ್ಬೇಡಿ, ಅಂಚಲ್ಲಿ ಬ್ಲೇಡ್ ಹಾಕಿದ್ರೆ ಹರ್ಕೊಂಡು ಬರತ್ತೆ. ರೆಡಿ ಕಟ್ ಮಾಡಿರೋ ಮಾಸ್ಕುಗಳೂ ಬರ್ತವೆ, ಜೆಕ್ ದೇಶದ ಎಡುವಾರ್ಡ್ ಕಂಪನಿದು ಫೇಮಸ್ಸು. ಟರೆಟ್‌ಗಳಿಗೆ ದುಡ್ಡಿದ್ರೆ ತಗೊಳ್ಳಿ, ಆದ್ರೆ ಕಾಕ್‌ಪಿಟ್ಟಿನ ನೇರ ನೇರ ಗಾಜಿಗೆ ದುಡ್ಡು ಕೊಡೋದು ನನಗೆ ಮನಸ್ಸು ಬರಲ್ಲ.

ಗಾಜು ಅಂಟಿಸಿದ್ದು ಫೆವಿಕಾಲ್‌ನಿಂದ. ಹೌದು, ಅದೇ ಬಿಳಿ ಫೆವಿಕಾಲು. ಸೂಪರ್ ಗ್ಲೂ ಹಚ್ಚಿದ್ರೆ ಅದರ ಹಬೆ ಕ್ಲಿಯರ್ ಪ್ಲಾಸ್ಟಿಕ್ ಮೇಲೆ ಕೂತು ಬೆಳ್ಳಗೆ ಮಂಜು ಕಟ್ಟತ್ತೆ. ಫೆವಿಕಾಲ್ ಒಣಗಿದ್ಮೇಲೆ ಕಾಣೋದೇ ಇಲ್ಲ, ಜೊತೆಗೆ ನೀರಿಗೆ ಬಿಟ್ಕೊಳ್ಳತ್ತೆ, ಇದನ್ನ ನೆನಪಿಟ್ಕೊಳ್ಳಿ, ಆಮೇಲೆ ಕೆಲಸಕ್ಕೆ ಬರತ್ತೆ.

ಪೇಂಟಿಂಗ್ ಬೇಗ ತೋರಿಸಿಬಿಡ್ತೀನಿ. ಮೊದಲನೇ ಕೋಟು ಹೊರಗಿನ ಬಣ್ಣ ಅಲ್ಲ, ಒಳಗಿನ ಹಸಿರು, ಯಾಕಂದ್ರೆ ಗಾಜಿನ ಒಳಗಿಂದ ನೋಡಿದಾಗ ಕಾಣೋದು ಫ್ರೇಮಿನ ತಳದ ಕೋಟು. ಅದರ ಮೇಲೆ ಹೊಳೆಯೋ ಕಪ್ಪು, ಅದರ ಮೇಲೆ ಅಲ್ಯೂಮಿನಿಯಂ. ಏರ್‌ಬ್ರಷ್ (ಗಾಳಿಯಲ್ಲಿ ಪೇಂಟ್ ಚಿಮ್ಮಿಸೋ ಪೆನ್ನು) ಗಾಳಿ ಒತ್ತಡ 15 ಪಿಎಸ್‌ಐ ಆಸುಪಾಸಲ್ಲಿ, ಟೇಪಿನ ಕಡೆಯಿಂದ ಫ್ರೇಮಿನ ಕಡೆಗೆ ತೆಳ್ಳಗೆ ಬೀಸಿ ಬೀಸಿ, ಒದ್ದೆ ಆಗೋ ಹಾಗೆ ಹೊಡೀಬಾರದು.

ಈಗ ಬಿಚ್ಚೋದು. ಪೇಂಟ್ ಒಣಗಿದ ಮಾರನೇ ದಿನವೇ ಬಿಚ್ಚಿಬಿಡಿ, ನಾನು ಹಳೇ ಒಂದು ಕಿಟ್ಟನ್ನ ಟೇಪ್ ಸಮೇತ ಮಳೆಗಾಲ ಪೂರ್ತಿ ಬೀರು ಮೇಲೆ ಇಟ್ಟಿದ್ದೆ, ಕಾಗದ ಬಂತು ಅಂಟು ಅಲ್ಲೇ ಉಳೀತು, ಇನ್ನೊಂದು ಟೇಪ್ ಚೂರು ಒತ್ತಿ ಒತ್ತಿ ಎತ್ತಿ ತೆಗಿಯೋ ಹೊತ್ತಿಗೆ ಬೆನ್ನು ಬಿದ್ದುಹೋಯ್ತು. ಸರಿ, ಕಾಕ್‌ಪಿಟ್ಟಿನ ಎಡಗಡೆ... ಬಂತು. ಆಹಾ. ಬಲಗಡೆ... ಸೂಪರ್. ಮೇಲಿನ ಟರೆಟ್ಟಲ್ಲಿ ಒಂದು ಕಡೆ ಕೂದಲೆಳೆಯಷ್ಟು ಒಳಗೆ ನುಗ್ಗಿದೆ, ಪರವಾಗಿಲ್ಲ, ಟೂತ್‌ಪಿಕ್ಕನ್ನ ಉಳಿ ಥರ ಚೂಪು ಮಾಡಿ ಕೆರೆದ್ರೆ ಹೋಗತ್ತೆ, ಮರ ಪ್ಲಾಸ್ಟಿಕ್ಕಿಗಿಂತ ಮೆತ್ತಗೆ, ಗೀರಾಗಲ್ಲ.

ಇನ್ನು ಮೂಗಿನ ಕೆಳಗಡೆ, ಬಾಂಬ್ ಹಾಕೋನು ಕೂತು ಕೆಳಗೆ ನೋಡೋ ಗಾಜು. ಟೇಪ್ ಬಂತು, ಅಂಚು ಬ್ಲೇಡಲ್ಲಿ ಕೊಯ್ದ ಹಾಗಿದೆ, ಆದ್ರೆ ಗಾಜು ಮಬ್ಬು. ಬೆರಳಲ್ಲಿ ಒರೆಸಿದೆ, ಹೋಗ್ಲಿಲ್ಲ. ಇಯರ್‌ಬಡ್ ಒದ್ದೆ ಮಾಡಿ ಒರೆಸಿದೆ, ಹೋಗ್ಲಿಲ್ಲ. ಟಾರ್ಚ್ ಬಿಟ್ಟು ನೋಡಿದ್ರೆ ಮಬ್ಬು ಇರೋದು ಒಳಗಡೆ! ಮುಂದಿನ ಚಕ್ರದ ಗುಂಡಿ ಇದೆಯಲ್ಲ, ಅದನ್ನ ಮುಚ್ಚೋದು ಮರೆತಿದ್ದೆ, ಅಲ್ಲಿಂದ ಅಲ್ಯೂಮಿನಿಯಂ ಧೂಳು ಒಳಗೆ ನುಗ್ಗಿ ಗಾಜಿನ ಹಿಂದೆ ಕೂತಿದೆ. ಹೊರಗಡೆ ಅಷ್ಟೊಂದು ಕಾವಲು ಹಾಕಿ ಹಿಂಬಾಗಿಲು ತೆಗೆದಿಟ್ಟ ಹಾಗಾಯ್ತು, ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ. ಈ ಜಾಗದಲ್ಲಿ ಎರಡು ನಿಮಿಷ ಆಡಿಯೋ ಕಟ್ ಮಾಡಿದ್ದೀನಿ, ಅಮ್ಮ ಈ ವಿಡಿಯೋ ನೋಡ್ತಾರೆ.

ಆಮೇಲೆ ಫೆವಿಕಾಲ್ ನೆನಪಾಯ್ತು. ಜಾಯಿಂಟಿನ ಉದ್ದಕ್ಕೂ ಬಿಸಿನೀರಲ್ಲಿ ಅದ್ದಿದ ಹತ್ತಿ ಇಟ್ಟು ಇಪ್ಪತ್ತು ನಿಮಿಷ ಬಿಟ್ಟೆ, ಮತ್ತೆ ಹೊಸ ಹತ್ತಿ, ಮತ್ತೆ ಇಪ್ಪತ್ತು ನಿಮಿಷ. ಬ್ಲೇಡಿನ ಹಿಂಭಾಗ ಸಂದಿಗೆ ಇಟ್ಟು ಚೂರು ತಿರುಗಿಸಿದೆ, ಟಕ್ ಅಂತ ಬಂತು, ಒಡೀಲಿಲ್ಲ ಪುಣ್ಯಕ್ಕೆ. ಒಳಗಡೆ ಧೂಳನ್ನ ಅದೇ ಟೂತ್‌ಪಿಕ್ಕಲ್ಲಿ ಕೆರೆದು ತೆಗೆದೆ. ಈಗ ಮೂಗಲ್ಲಿ ಒಂದು ತೂತು, ಅದರ ಸುತ್ತ ಒಂದು ಅರ್ಧ ಇಂಚು ಅಲ್ಯೂಮಿನಿಯಂ ಎದ್ದುಹೋಗಿದೆ, ಅಂದ್ರೆ ಗಾಜು ಮತ್ತೆ ಅಂಟಿಸಿ, ಮತ್ತೆ ಟೇಪ್ ಹಾಕಿ, ಕಪ್ಪು, ಅಲ್ಯೂಮಿನಿಯಂ, ಎಲ್ಲ ಮತ್ತೆ. ಚಕ್ರದ ಗುಂಡಿಗೆ ಒದ್ದೆ ಟಿಶ್ಯೂ ತುರುಕಿ ಆಯ್ತು, ಇಗೋ ಕ್ಯಾಮೆರಾ ಹತ್ರ ತಂದು ತೋರಿಸ್ತಿದ್ದೀನಿ, ಆಮೇಲೆ ಮರೆತೆ ಅನ್ನೋ ಹಾಗಿಲ್ಲ.