ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಮೊದಲ ಓವರ್‌ಕ್ಲಾಕ್ ಯಾಕೆ ನಿಲ್ಲುವುದಿಲ್ಲ

ಎಲ್ಲರಿಗೂ ನಮಸ್ಕಾರ. ನಲವತ್ತು ನಿಮಿಷ ಎಂದಿದ್ದರು. ಸ್ವಾಗತ, ಹೂಗುಚ್ಛ, ಮೈಕ್ ಪರೀಕ್ಷೆ ಎಲ್ಲ ಕಳೆದು ಈಗ ಸುಮಾರು ಇಪ್ಪತ್ತೈದು ಉಳಿದಿದೆ. ಹಾಗಾಗಿ ಓವರ್‌ಕ್ಲಾಕಿಂಗ್ ಎಂದರೇನು ಎಂಬ ಸ್ಲೈಡುಗಳನ್ನು ಹಾರಿಸುತ್ತೇನೆ; ಚಿಪ್ಪನ್ನು ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು, ಅಷ್ಟೇ. ಈ ಸಭಾಂಗಣದಲ್ಲಿ ಅದು ಗೊತ್ತಿಲ್ಲದವರು ಊಟಕ್ಕೆ ಬಂದವರು ಮಾತ್ರ.

ನೀವು ಮೊದಲೇ ಕಳುಹಿಸಿದ ಪ್ರಶ್ನೆಗಳಲ್ಲಿ ಹಲವು ಒಂದೇ ಯಂತ್ರದ ಜಾತಕದಂತಿವೆ. ಎಎಂಡಿಯ ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡು, ಡಬ್ಬಿಯಲ್ಲೇ ಬಂದ ವ್ರೈತ್ ಸ್ಟೆಲ್ತ್ ಕೂಲರ್, 8 ಜಿಬಿಯ ಎರಡು ಡಿಡಿಆರ್4-3200 ರ‍್ಯಾಮ್. ಮೊದಲ ಪ್ರಯತ್ನದಲ್ಲೇ ಮಲ್ಟಿಪ್ಲೈಯರ್ (ಮೂಲ ಗಡಿಯಾರದ 100 ಮೆಗಾಹರ್ಟ್ಸನ್ನು ಗುಣಿಸುವ ಅಂಕೆ) 43, ಅಂದರೆ 4.3 ಗಿಗಾಹರ್ಟ್ಸ್; ವೋಲ್ಟೇಜ್ 1.35, ಇರಲಿ ಅಂತ ರ‍್ಯಾಮ್ ಕೂಡ 3600ಕ್ಕೆ. ವಿಂಡೋಸ್ ಬಂತು. ವೇಗ ಅಳೆಯುವ ಸಿನಿಬೆಂಚ್ ಒಂದು ಸಲ ಓಡಿತು. ಸ್ಕ್ರೀನ್‌ಶಾಟ್ ವಾಟ್ಸ್‌ಆಪ್ ಗುಂಪಿಗೆ ಹೋಯಿತು. ಸಂಜೆ ಗೇಮ್ ಆಡುವಾಗ ಪರದೆ ಹೆಪ್ಪುಗಟ್ಟಿತು. ಆಗ ವೋಲ್ಟೇಜ್ 1.4. ಮತ್ತೆ ಹೆಪ್ಪುಗಟ್ಟಿತು. 1.425. ಈಗ ನೀಲಿ ಪರದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂದರೆ ಇದೇ. ಬಿದ್ದದ್ದು ರ‍್ಯಾಮ್ ಇರಬಹುದು, ಬರೆ ಬಿದ್ದದ್ದು ಕೋರ್‌ಗೆ, ಅಂದರೆ ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕಕ್ಕೆ. ಇವತ್ತು ನನಗೆ ಹೇಳಬೇಕಾದ ಮಾತು ಒಂದೇ: ಯಾರು ಬಿದ್ದರು ಎಂದು ಗೊತ್ತಾಗುವವರೆಗೆ ವೋಲ್ಟೇಜ್ ಮುಟ್ಟಬೇಡಿ.

ಇದಕ್ಕೊಂದು ಹಳೆಯ ಕಥೆ ಇದೆ, ಸ್ವಲ್ಪ ಉದ್ದ, ಸಹಿಸಿಕೊಳ್ಳಿ. 1998ರ ಆಗಸ್ಟ್‌ನಲ್ಲಿ ಇಂಟೆಲ್ ಸೆಲೆರಾನ್ 300ಎ ಬಿಟ್ಟಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಬಂದಿದ್ದ ಮೊದಲ ಸೆಲೆರಾನ್‌ಗೆ ಎಲ್2 ಕ್ಯಾಶ್, ಅಂದರೆ ಪ್ರೊಸೆಸರ್ ಪಕ್ಕದ ವೇಗದ ಪುಟ್ಟ ಮೆಮೊರಿ, ಇರಲೇ ಇಲ್ಲ, ಜನ ಆಡಿಕೊಂಡು ನಕ್ಕಿದ್ದರು. 300ಎಯಲ್ಲಿ 128 ಕೆಬಿ ಕ್ಯಾಶನ್ನು ಚಿಪ್ಪಿನ ಒಳಗೇ, ಪೂರ್ಣ ವೇಗದಲ್ಲಿ ಇಟ್ಟರು. ದುಬಾರಿ ಪೆಂಟಿಯಂ 2ರಲ್ಲಿ ಕ್ಯಾಶ್ 512 ಕೆಬಿ ಇದ್ದರೂ ಅದು ಹೊರಗಿನ ಚಿಪ್ಪುಗಳಲ್ಲಿ, ಅರ್ಧ ವೇಗದಲ್ಲಿ ಓಡುತ್ತಿತ್ತು. ಸೆಲೆರಾನ್‌ನ ಮಲ್ಟಿಪ್ಲೈಯರ್‌ಗೆ ಬೀಗ, 4.5ರಲ್ಲಿ. ಬಸ್, ಅಂದರೆ ಪ್ರೊಸೆಸರ್ ಉಳಿದ ಬೋರ್ಡಿನ ಜೊತೆ ಮಾತಾಡುವ ದಾರಿ, 66 ಮೆಗಾಹರ್ಟ್ಸ್. ಅಬಿಟ್ ಬಿಎಚ್6 ತರಹದ ಬೋರ್ಡಿದ್ದರೆ ಬಯೋಸ್‌ನಿಂದಲೇ, ಅಂದರೆ ಬೋರ್ಡಿನ ಸೆಟ್ಟಿಂಗ್ ಪರದೆಯಿಂದಲೇ, ಬಸ್ಸನ್ನು 100 ಮಾಡಬಹುದಿತ್ತು. ಇಲ್ಲದವರು ಪ್ರೊಸೆಸರ್ ಕೂತ ಕಾರ್ಡಿನ ಬಿ21 ಎಂಬ ಪಿನ್ ಮೇಲೆ ಚೂರು ಟೇಪ್ ಅಂಟಿಸುತ್ತಿದ್ದರು, ನೇಲ್ ಪಾಲಿಶ್ ಬಳಿದವರೂ ಇದ್ದರು. 300ರ ಚಿಪ್ಪು 450ರಲ್ಲಿ ಓಡಿತು. ಅಷ್ಟು ಎಲ್ಲರಿಗೂ ಗೊತ್ತು.

ಆದರೆ ನಾನು ಹೇಳಹೊರಟದ್ದು 100ರ ಕಥೆಯಲ್ಲ, 83ರದ್ದು. ಹುಷಾರಿನ ಜನ, ಒಮ್ಮೆಲೇ 100 ಯಾಕೆ, ನಡುವೆ ನಿಲ್ಲೋಣ ಎಂದು ಬಸ್ಸನ್ನು 83ಕ್ಕೆ ಇಟ್ಟರು. 83ನ್ನು 4.5ರಿಂದ ಗುಣಿಸಿದರೆ ಸುಮಾರು 375 ಮೆಗಾಹರ್ಟ್ಸ್. ಅದು ಬೀಳುತ್ತಿತ್ತು! ಫೈಲು ಕೆಡುತ್ತಿತ್ತು, ವಿಂಡೋಸ್ 98ರ ರಿಜಿಸ್ಟ್ರಿ ಹಾಳಾಗುತ್ತಿತ್ತು. 450ರಲ್ಲಿ ನಿಲ್ಲುವ ಚಿಪ್ಪು 375ರಲ್ಲಿ ಯಾಕೆ ಬೀಳಬೇಕು? ಬೋರ್ಡಿಗೆ ಉಳಿದ ಸಾಧನಗಳನ್ನು ಜೋಡಿಸುವ ಪಿಸಿಐ ಬಸ್ಸಿಗೆ ಬೇಕಾದದ್ದು 33 ಮೆಗಾಹರ್ಟ್ಸ್. ಮುಖ್ಯ ಬಸ್ 100 ಇದ್ದಾಗ ಬೋರ್ಡು ಅದನ್ನು ಮೂರರಿಂದ ಭಾಗಿಸಿ 33 ಕೊಡುತ್ತಿತ್ತು. 83ರಲ್ಲಿ ಭಾಗಾಕಾರ ಎರಡರಿಂದ, ಅಂದರೆ 41.5. ಹಾರ್ಡ್‌ಡಿಸ್ಕಿನ ಕಂಟ್ರೋಲರ್ ಆ ಪಿಸಿಐ ಮೇಲೆ ನೇತಾಡುತ್ತಿತ್ತು, ಅದಕ್ಕೆ ತಡೆಯಲಾಗಲಿಲ್ಲ. ಪ್ರೊಸೆಸರ್ ಪೂರ್ತಿ ನಿರ್ದೋಷಿ. ಜನ ಏನು ಮಾಡಿದರು ಹೇಳಿ? ಪ್ರೊಸೆಸರ್‌ನ ವೋಲ್ಟೇಜನ್ನು 2.0ಯಿಂದ 2.2ಕ್ಕೆ ಏರಿಸಿದರು. ಎಮ್ಮೆ, ಬರೆ.

ಇವತ್ತಿಗೂ ಅದೇ ಪಾಠ ಬೇರೆ ವೇಷದಲ್ಲಿದೆ. ಬಿಸಿಎಲ್‌ಕೆಯನ್ನು, ಅಂದರೆ ಬೋರ್ಡಿನ ಮೂಲ ಗಡಿಯಾರವನ್ನು, 100ರಿಂದ 104ಕ್ಕೆ ಏರಿಸಿದರೆ ಈ ರೈಜೆನ್ ಕೂರುವ ಸಾಮಾನ್ಯ ಎಎಂ4 ಬೋರ್ಡಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕೂಡ ಜೊತೆಗೆ ಏರುತ್ತದೆ, ಅದಕ್ಕೆ ಅಂಟಿಕೊಂಡ ಎನ್‌ವಿಎಂಇ ಡಿಸ್ಕು ಮುನಿಸಿಕೊಳ್ಳುತ್ತದೆ. ಮೊದಲ ಪ್ರಯತ್ನದಲ್ಲಿ ಅದನ್ನು 100ರಲ್ಲೇ ಬಿಡಿ. ಮಲ್ಟಿಪ್ಲೈಯರ್ ಮಾತ್ರ.

ಈಗ ಕೆಲಸಕ್ಕೆ ಬರೋಣ. ನಮ್ಮ ರೈಜೆನ್ 3600ನ್ನು ಮೊದಲು ಸ್ಟಾಕ್‌ಗೆ, ಅಂದರೆ ಕಂಪನಿ ಇಟ್ಟ ವೇಗಕ್ಕೆ, ಇಳಿಸಿ. ಬಯೋಸ್‌ನಲ್ಲಿ ಲೋಡ್ ಆಪ್ಟಿಮೈಸ್ಡ್ ಡಿಫಾಲ್ಟ್ಸ್. ಬಯೋಸ್‌ಗೇ ಹೋಗಲು ಆಗದಿದ್ದರೆ ಪವರ್ ಸಪ್ಲೈನ ಸ್ವಿಚ್ ಆರಿಸಿ, ಬಯೋಸ್ ಸೆಟ್ಟಿಂಗ್ ಅಳಿಸುವ ಕ್ಲಿಯರ್ ಸಿಮಾಸ್ ಜಂಪರ್‌ನ ಎರಡು ಪಿನ್‌ಗಳನ್ನು ಹತ್ತು ಸೆಕೆಂಡು ಕೂಡಿಸಿ, ಅಥವಾ ಸಿಆರ್2032 ಸೆಲ್ ತೆಗೆದು ಕೆಲವು ನಿಮಿಷ ಬಿಡಿ. ರ‍್ಯಾಮ್ ಎರಡೂ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿವೆಯೇ ನೋಡಿ. ಸ್ಟಾಕ್‌ನಲ್ಲೂ ಬಿದ್ದರೆ ಇವತ್ತಿನ ಉಪನ್ಯಾಸ ನಿಮಗಲ್ಲ, ಬಿಲ್ ಹುಡುಕಿ ವಾರಂಟಿಗೆ ಹೋಗಿ. ನಗಬೇಡಿ, ಇದನ್ನು ನೋಡದೆಯೇ ವಾರಗಟ್ಟಲೆ ವೋಲ್ಟೇಜ್ ಜೊತೆ ಗುದ್ದಾಡುವವರಿದ್ದಾರೆ.

ಸ್ಟಾಕ್ ನಿಂತಿತೇ? ಈಗ ರ‍್ಯಾಮ್ ಮಾತ್ರ. ಎಕ್ಸ್‌ಎಂಪಿ, ಅಂದರೆ ಅದರ ತಯಾರಕರೇ ಬರೆದಿಟ್ಟ ವೇಗದ ಪ್ರೊಫೈಲ್, ಹಾಕಿ, 3200, 1.35 ವೋಲ್ಟ್. ಪ್ರೊಸೆಸರ್ ಆಟೋದಲ್ಲೇ ಇರಲಿ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ; ಉಚಿತ ಆವೃತ್ತಿ ನಾಲ್ಕು ಸುತ್ತು ಕೊಡುತ್ತದೆ, ನಾಲ್ಕೂ ಮುಗಿಯಲಿ. ಒಂದು ತಪ್ಪು ಬಂದರೂ ಅದು ತಪ್ಪೇ. ಒಂದೇ ತಾನೇ ಎನ್ನುವಂತಿಲ್ಲ, ಆ ಒಂದು ಬಿಟ್ ನಿಮ್ಮ ಪ್ರಾಜೆಕ್ಟ್ ವರದಿಯ ಮಧ್ಯೆ ಹೋಗಿ ಕೂರಬಹುದು. ಪೆನ್‌ಡ್ರೈವ್‌ನಿಂದಲೇ ಯಾಕೆ ಅಂದರೆ, ಕೆಟ್ಟ ರ‍್ಯಾಮ್ ಮೇಲೆ ವಿಂಡೋಸ್ ಬೂಟ್ ಮಾಡಿದಷ್ಟು ಸಲ ಡಿಸ್ಕಿಗೆ ಕಸ ಬರೆಯುವ ಅಪಾಯವಿದೆ.

ಮೆಮೊರಿಯಲ್ಲಿ 3600ಕ್ಕೆ ಹೋಗಲೇಬೇಕು ಎನ್ನುವವರು ಸಾಮಾನ್ಯವಾಗಿ ಮಾಡುವ ತಪ್ಪು: ವೇಗ ಏರಿಸಿ ಟೈಮಿಂಗ್ (ಉತ್ತರ ಕೊಡುವ ಮುನ್ನ ಮೆಮೊರಿ ಕಾಯುವ ಎಣಿಕೆ) ಹಳೆಯದನ್ನೇ ಬಿಡುವುದು. 3200ರಲ್ಲಿ 16-18-18-38 ಇದ್ದದ್ದನ್ನು 18-22-22-42ಕ್ಕೆ ಸಡಿಲಿಸಿ ನೋಡಿ. ಎಫ್‌ಸಿಎಲ್‌ಕೆ, ಅಂದರೆ ಪ್ರೊಸೆಸರ್‌ನ ಭಾಗಗಳನ್ನು ಜೋಡಿಸುವ ಒಳದಾರಿಯ ವೇಗ, 1800 ಆಗಿರಬೇಕು. ಮೆಮೊರಿ ಕಂಟ್ರೋಲರ್‌ಗೆ ಹೋಗುವ ಎಸ್‌ಒಸಿ ವೋಲ್ಟೇಜ್ 1.1ರ ಆಸುಪಾಸು ಸಾಕು. ಎಫ್‌ಸಿಎಲ್‌ಕೆ ಹೆಚ್ಚಾದರೆ ಯಂತ್ರ ಬೀಳದೆಯೂ ಇರಬಹುದು, ಆದರೆ ವಿಂಡೋಸ್ ದಾಖಲೆ ಇಡುವ ಈವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ ಐಡಿ 19 ಎಂಬ ಹಾರ್ಡ್‌ವೇರ್ ದೂರು ಸಾಲುಗಟ್ಟುತ್ತದೆ. ಸರಿಪಡಿಸಿದ ತಪ್ಪು ಎಂದು ಅದು ಹೇಳುತ್ತದೆ. ಸರಿಪಡಿಸಿತಲ್ಲ ಎಂದು ಸಮಾಧಾನಪಡಬೇಡಿ, ಎಫ್‌ಸಿಎಲ್‌ಕೆ ಇಳಿಸಿ.

ಆಮೇಲೆ ಕೋರ್. ರ‍್ಯಾಮ್‌ನ್ನು ಗಟ್ಟಿಯಾದ ಜಾಗಕ್ಕೆ ತಂದು ನಿಲ್ಲಿಸಿ, ಮಲ್ಟಿಪ್ಲೈಯರ್ 40, ವೋಲ್ಟೇಜ್ 1.25ರಿಂದ ಶುರು ಮಾಡಿ. ಸಿನಿಬೆಂಚ್ ಹತ್ತು ನಿಮಿಷ. ನಿಂತರೆ ಮಲ್ಟಿಪ್ಲೈಯರ್ 0.25 ಮಾತ್ರ ಏರಿಸಿ, ಅಂದರೆ 25 ಮೆಗಾಹರ್ಟ್ಸ್. ಬಿದ್ದಾಗ, ಶಾಖ ಸರಿಯಿದ್ದರೆ ಮಾತ್ರ, 0.0125 ವೋಲ್ಟ್. ಈ ಚಿಪ್ಪಿಗೆ ಎಲ್ಲ ಕೋರ್ ಕೆಲಸದಲ್ಲಿರುವಾಗ 1.3ರ ಆಚೆ ಹೋಗಬೇಡಿ. "ಆಟೋದಲ್ಲಿ 1.45 ತೋರಿಸುತ್ತದಲ್ಲ ಸಾರ್" ಎಂದು ಯಾರೋ ಕೇಳಿದ್ದಾರೆ. ತೋರಿಸುತ್ತದೆ, ಒಂದೋ ಎರಡೋ ಕೋರ್ ಮಾತ್ರ ಓಡುವಾಗ, ಕರೆಂಟ್ ಕಡಿಮೆ ಇರುವಾಗ. ಆರೂ ಕೋರ್‌ಗೆ ಅದನ್ನೇ ಸ್ಥಿರವಾಗಿ ಕೊಟ್ಟರೆ ಚಿಪ್ಪು ಬೇಗ ಸವೆಯುತ್ತದೆ. ಜೊತೆಗೆ ಕೈಯಾರೆ ಮಲ್ಟಿಪ್ಲೈಯರ್ ಹಾಕಿದೊಡನೆ ಕಂಪನಿ ಇಟ್ಟ 88 ವ್ಯಾಟ್‌ನ ಮಿತಿಯೂ ತೆರೆದುಕೊಳ್ಳುತ್ತದೆ. ಕಾವಲುಗಾರನನ್ನು ನೀವೇ ಮನೆಗೆ ಕಳಿಸಿದ್ದೀರಿ.

ಸಿನಿಬೆಂಚ್ ಮುಗಿದರೆ ನಿಂತಿತು ಎಂದಲ್ಲ. ಪ್ರೈಮ್95 ಬೇಕು. ಅದು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಲು ಬರೆದ ತಂತ್ರಾಂಶ. ಅದರ ಪರೀಕ್ಷೆಯಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಯಂತ್ರ ಬೀಳುವ ಮೊದಲೇ ಲೆಕ್ಕ ತಪ್ಪಿದ್ದನ್ನು ಹಿಡಿಯುತ್ತದೆ. "ರೌಂಡಿಂಗ್ ವಾಸ್ 0.5, ಎಕ್ಸ್‌ಪೆಕ್ಟೆಡ್ ಲೆಸ್ ದ್ಯಾನ್ 0.4" ಎಂಬ ಸಾಲು ಬಂದು ಒಂದು ವರ್ಕರ್, ಅಂದರೆ ಲೆಕ್ಕದ ಒಂದು ಪಾಲು ನಡೆಸುವ ಕಿಟಕಿ, ಕೆಲಸ ನಿಲ್ಲಿಸಿದರೆ, ಆ ಕಿಟಕಿಯ ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ರತಿ ಸಲ ನಾಲ್ಕನೇ ವರ್ಕರ್ರೇ ಕೆಲಸ ನಿಲ್ಲಿಸಿದರೆ ಒಂದು ಕೋರ್ ದುರ್ಬಲ ಎಂದರ್ಥ. 3600ರಲ್ಲಿ ಮೂರು ಮೂರು ಕೋರ್‌ಗಳ ಎರಡು ಗುಂಪಿವೆ. ಎಎಂಡಿಯ ರೈಜೆನ್ ಮಾಸ್ಟರ್ ತಂತ್ರಾಂಶದಲ್ಲಿ ಆ ಕೋರ್ ಇರುವ ಗುಂಪನ್ನು ಮಾತ್ರ 50 ಮೆಗಾಹರ್ಟ್ಸ್ ಇಳಿಸಬಹುದು. ಒಂದು ಕೋರ್‌ಗೋಸ್ಕರ ಆರಕ್ಕೂ ವೋಲ್ಟೇಜ್ ಸುರಿಯಬೇಕಿಲ್ಲ. ಪ್ರೈಮ್95ರ ಪರೀಕ್ಷೆಗಳಲ್ಲಿ ಸ್ಮಾಲ್ ಎಫ್‌ಎಫ್‌ಟಿ ಎಂಬುದು ಕೋರನ್ನೂ ಶಾಖವನ್ನೂ ಹಿಂಡುತ್ತದೆ, ಬ್ಲೆಂಡ್ ರ‍್ಯಾಮನ್ನು. ಮೊದಲನೆಯದು ನಿಂತು ಎರಡನೆಯದು ಬಿದ್ದರೆ ಎತ್ತು ಯಾವುದೆಂದು ನಾನು ಹೇಳಬೇಕಿಲ್ಲ.

ನೀಲಿ ಪರದೆಯ ಹೆಸರನ್ನೂ ಓದಿ. ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್, ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್ ಬಂದರೆ ಮೊದಲ ಅನುಮಾನ ಕೋರ್ ಮೇಲೆ. ಮೆಮೊರಿ ಮ್ಯಾನೇಜ್‌ಮೆಂಟ್, ಪೇಜ್ ಫಾಲ್ಟ್ ಎಂದರೆ ರ‍್ಯಾಮ್ ಮೇಲೆ. ಅನುಮಾನ ಅಷ್ಟೇ, ತೀರ್ಪಲ್ಲ. ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಕಂಡ ಕೂಡಲೇ ಪವರ್ ಸಪ್ಲೈ ಬದಲಾಯಿಸುವವರಿದ್ದಾರೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ನೀವೇ ಪ್ಲಗ್ ಎಳೆದರೂ 41 ಬರುತ್ತದೆ.

ವೋಲ್ಟೇಜೇ ರೋಗ ತರಬಲ್ಲದು ಎಂಬುದನ್ನು 2024ರಲ್ಲಿ ಇಡೀ ಜಗತ್ತು ನೋಡಿತು. ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಹಲವು ಡೆಸ್ಕ್‌ಟಾಪ್ ಚಿಪ್ಪುಗಳು, ಓವರ್‌ಕ್ಲಾಕ್ ಮಾಡದೆಯೂ, ಅತಿಯಾದ ವೋಲ್ಟೇಜ್‌ನಿಂದ ಸವೆದು ಅಸ್ಥಿರವಾದವು. ಆಗಸ್ಟ್‌ನಲ್ಲಿ ಮೈಕ್ರೋಕೋಡ್‌ಗೆ, ಅಂದರೆ ಚಿಪ್ಪಿನ ಒಳಗಿನ ಸೂಚನೆಗಳಿಗೆ, ತಿದ್ದುಪಡಿ ಬಂತು, ವಾರಂಟಿ ಎರಡು ವರ್ಷ ಹೆಚ್ಚಿತು. ತಮಾಷೆ ಏನೆಂದರೆ, ಹಲವು ಗೇಮ್‌ಗಳಲ್ಲಿ ಆಗ ಕಾಣುತ್ತಿದ್ದ ಸಂದೇಶ "ವಿಡಿಯೊ ಮೆಮೊರಿ ಸಾಲದು". ತಪ್ಪು ಪ್ರೊಸೆಸರ್‌ದು, ಬೈಗುಳ ಗ್ರಾಫಿಕ್ಸ್ ಕಾರ್ಡಿಗೆ.

ಶಾಖದ ಲೆಕ್ಕ ಬೋರ್ಡಿನ ಮೇಲೆ ಬರೆಯುತ್ತೇನೆ. ವಿದ್ಯುತ್ ಬಳಕೆ ವೇಗಕ್ಕೆ ನೇರವಾಗಿ, ವೋಲ್ಟೇಜ್‌ನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 4.0ಯಿಂದ 4.3ಕ್ಕೆ ಹೋದರೆ ವೇಗ ಶೇ. 7.5 ಹೆಚ್ಚು. ಅದಕ್ಕಾಗಿ 1.2 ವೋಲ್ಟನ್ನು 1.35 ಮಾಡಿದರೆ ಬಳಕೆ ಸುಮಾರು ಶೇ. 36 ಹೆಚ್ಚು. ವ್ರೈತ್ ಸ್ಟೆಲ್ತ್ ಸ್ಟಾಕ್‌ನಲ್ಲೇ ಏದುಸಿರು ಬಿಡುವ ಕೂಲರ್. ಈ ಚಿಪ್ಪಿನ ಮಿತಿ 95 ಡಿಗ್ರಿ. ಕೋಣೆಯ ಶಾಖ ಎಷ್ಟು ಏರಿತೋ ಚಿಪ್ಪಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಡಿಸೆಂಬರ್‌ನಲ್ಲಿ 25 ಡಿಗ್ರಿ ಕೋಣೆಯಲ್ಲಿ 82ರಲ್ಲಿ ನಿಂತ ಯಂತ್ರ, ಕಲಬುರಗಿಯ ಏಪ್ರಿಲ್‌ನಲ್ಲಿ 38 ಡಿಗ್ರಿ ಕೋಣೆಯಲ್ಲಿ 95 ಮುಟ್ಟುತ್ತದೆ. ಪರೀಕ್ಷೆಯನ್ನು ಮಧ್ಯಾಹ್ನ ಎರಡಕ್ಕೆ ಮಾಡಿ, ರಾತ್ರಿಯಲ್ಲ.

ಚೀಟಿ ಬಂತು, ಐದು ನಿಮಿಷವಂತೆ. ಎಲ್‌ಎಲ್‌ಸಿ, ಅಂದರೆ ಹೊರೆ ಬಿದ್ದಾಗ ವೋಲ್ಟೇಜ್ ಕುಸಿಯದಂತೆ ಹಿಡಿಯುವ ಸೆಟ್ಟಿಂಗ್, ಅದರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಬಯೋಸ್‌ನಲ್ಲಿ 1.30 ಇಟ್ಟರೂ ಹೊರೆ ಬಿದ್ದಾಗ 1.24 ಆಗಬಹುದು. ಯಂತ್ರದ ಅಳತೆಗಳನ್ನು ತೋರಿಸುವ ಎಚ್‌ಡಬ್ಲ್ಯುಇನ್ಫೋ ತಂತ್ರಾಂಶದಲ್ಲಿ ಎಸ್‌ವಿಐ2 ಟಿಎಫ್‌ಎನ್ ಎಂಬ ಸಾಲನ್ನು ಹೊರೆಯ ಮಧ್ಯೆ ನೋಡಿ, ಲೆಕ್ಕಕ್ಕೆ ಬರುವುದು ಅದು. ಎಲ್‌ಎಲ್‌ಸಿ ಮಧ್ಯಮ ಹಂತ ಸಾಕು; ತುದಿಯ ಹಂತದಲ್ಲಿ ಹೊರೆ ಇಳಿದ ಕ್ಷಣ ವೋಲ್ಟೇಜ್ ಮೇಲಕ್ಕೆ ಚಿಮ್ಮುತ್ತದೆ. ಪವರ್ ಸಪ್ಲೈ: 12 ವೋಲ್ಟ್ ಸಾಲು 11.4ಕ್ಕಿಂತ ಕೆಳಗಿಳಿಯಬಾರದು, ಅಳೆಯುವುದು ಮಲ್ಟಿಮೀಟರ್‌ನಿಂದ, ತಂತ್ರಾಂಶದಿಂದಲ್ಲ. ಪ್ರೊಸೆಸರ್‌ಗೆ ವೋಲ್ಟೇಜ್ ಇಳಿಸಿಕೊಡುವ ವಿಆರ್‌ಎಂ ಮೇಲೆ ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡಾದರೆ ಇಪ್ಪತ್ತು ನಿಮಿಷದ ನಂತರ ವೇಗ ತಾನಾಗಿ ಕುಸಿಯುತ್ತದೆ, ಅದರ ಕಡೆಗೊಂದು ಫ್ಯಾನ್ ತಿರುಗಿಸಿ. ಗ್ರಾಫಿಕ್ಸ್ ಕಾರ್ಡಿನ ಓವರ್‌ಕ್ಲಾಕ್ ಇಳಿಸಿಟ್ಟು ಪರೀಕ್ಷೆ ಮಾಡಿ. ಉಳಿದ ಸ್ಲೈಡುಗಳು ಹೋದವು.

ಕೊನೆಯ ಪ್ರಶ್ನೆ, ಬಯೋಸ್ ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದೆಯೇ ಅಂತ. ರ‍್ಯಾಮ್ ತಕರಾರಾದರೆ ಕೆಲವೊಮ್ಮೆ ಹೌದು. ಆದರೆ ಅಲುಗಾಡುವ ಓವರ್‌ಕ್ಲಾಕ್ ಮೇಲೆ ಫ್ಲ್ಯಾಶ್ ಮಾಡಬೇಡಿ. ಮೊದಲು ಡಿಫಾಲ್ಟ್ಸ್, ಫ್ಯಾಟ್32 ಪೆನ್‌ಡ್ರೈವ್, ಮತ್ತು ದಯವಿಟ್ಟು ಯುಪಿಎಸ್. ಹಳೆಯ ಪ್ರೊಫೈಲ್ ಅಳಿಸಿಹೋಗಬಹುದು, ಎಲ್ಲ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ಯಂತ್ರ ತಂದವರು ಈ ಕಡೆ ಬನ್ನಿ. ಸೈಡ್ ಪ್ಯಾನೆಲ್ ಬಿಚ್ಚಿಕೊಂಡೇ ಬನ್ನಿ, ಮೆಮ್‌ಟೆಸ್ಟ್ ಪೆನ್‌ಡ್ರೈವ್ ಎರಡು ಇವೆ.