ಮೊದಲು ಸೈಲೆನ್ಸರ್ ಬಿಚ್ಚಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಿಮ್ಮ ಮನೆಯಲ್ಲಿ ಒಂದು ಹಳೆಯ ಟೂ ಸ್ಟ್ರೋಕ್ ಸ್ಕೂಟರ್ ಇದೆ ಅಂತ ಇಟ್ಟುಕೊಳ್ಳೋಣ. ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ. ಆದರೆ ಪಿಕಪ್ ಇಲ್ಲ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಗೊರಗೊರ ಅನ್ನುತ್ತದೆಯೇ ಹೊರತು ಎಳೆಯುವುದಿಲ್ಲ. ಏರು ಬಂದರೆ ಒಂದನೇ ಗೇರ್‌ಗೆ ಇಳಿಸಬೇಕು. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಹೀಗಾದಾಗ ಹೆಚ್ಚಿನವರು ನೇರವಾಗಿ ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬುರೇಟರ್‌ಗೆ ಕೈ ಹಾಕುತ್ತಾರೆ. ದಯವಿಟ್ಟು ಬೇಡ. ಮೊದಲು ಸೈಲೆನ್ಸರ್ ಬಿಚ್ಚಿ ನೋಡಿ. ಇವತ್ತು ನಾನು ಹೇಳೋಕೆ ಬಂದಿರುವುದು ಇದೊಂದೇ ಮಾತು.

ಯಾಕೆ ಅಂತ ಕೇಳಿ. ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಸುಟ್ಟ ಹೊಗೆಯನ್ನು ಹೊರಗೆ ತಳ್ಳುವುದಕ್ಕೆ ಅಂತಲೇ ಪಿಸ್ಟನ್ ಒಂದು ಸಲ ಮೇಲಕ್ಕೆ ಬರುತ್ತದೆ. ತೆರೆದು ಮುಚ್ಚುವುದಕ್ಕೆ ವಾಲ್ವ್ ಇರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಆ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿಗಳಿವೆ. ಅವನ್ನೇ ಪೋರ್ಟ್ ಅನ್ನುತ್ತೇವೆ. ಪಿಸ್ಟನ್ ಕೆಳಗೆ ಇಳಿದಾಗ ಮೊದಲು ಎಕ್ಸಾಸ್ಟ್ ಪೋರ್ಟ್ ತೆರೆಯುತ್ತದೆ, ಅದರ ಹಿಂದೆಯೇ ಹೊಸ ಪೆಟ್ರೋಲ್ ಗಾಳಿ ಬರುವ ಪೋರ್ಟ್ ತೆರೆಯುತ್ತದೆ. ಹಳೆಯದು ಹೋಗುವುದು, ಹೊಸದು ಬರುವುದು, ಎರಡೂ ಒಟ್ಟಿಗೇ. ಇಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 80ಕ್ಕೂ ಹೆಚ್ಚು ಸಲ ಈ ಕೆಲಸ ಮುಗಿಯಬೇಕು. ಹೊಗೆ ಹೋಗುವ ದಾರಿ ಕಟ್ಟಿದ್ದರೆ ಹಳೆಯ ಹೊಗೆ ಸಿಲಿಂಡರಿನಲ್ಲೇ ಉಳಿಯುತ್ತದೆ. ಹೊಸ ಪೆಟ್ರೋಲಿಗೆ ಜಾಗವೇ ಇಲ್ಲ. ಉಸಿರು ಬಿಡದೆ ಬರೀ ಎಳೆದುಕೊಳ್ಳುತ್ತಾ ಹೋಗಿ ನೋಡಿ, ಎಷ್ಟು ಹೊತ್ತು ಆಗುತ್ತದೆ? ಅದಕ್ಕೇ ಹೇಳುವುದು, ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಅಂದರೆ ಸದ್ದು ತಗ್ಗಿಸುವ ಡಬ್ಬಿ ಮಾತ್ರ ಅಲ್ಲ. ಅದು ಇಂಜಿನ್ನಿನದೇ ಒಂದು ಭಾಗ.

ಒಂದು ಸ್ಕೂಟರಿನ ಕಥೆ ಹೇಳುತ್ತೇನೆ. ಒಬ್ಬ ಹುಡುಗಿ ತನ್ನ ತಾತನ ಸ್ಕೂಟರ್ ತಳ್ಳಿಕೊಂಡು ನನ್ನ ಹತ್ತಿರ ಬಂದಳು. ಕೈಯಲ್ಲಿ ಒಂದು ನೋಟ್ ಪುಸ್ತಕ. ಅದರಲ್ಲಿ ಗಾಡಿಗೆ ಆದ ಕೆಲಸವೆಲ್ಲ ಬರೆದಿಟ್ಟಿದ್ದಳು. ಪ್ಲಗ್ ಬದಲಾಯಿಸಿದ್ದು. ಪ್ಲಗ್‌ಗೆ ಕಿಡಿ ಕೊಡುವ ಪಾಯಿಂಟ್, ಕಂಡೆನ್ಸರ್ ಬದಲಾಯಿಸಿದ್ದು. ಕಾರ್ಬುರೇಟರ್ ಬಿಚ್ಚಿ ತೊಳೆದದ್ದು, ಆಮೇಲೆ ಕಾರ್ಬುರೇಟರನ್ನೇ ಹೊಸದು ಹಾಕಿದ್ದು. ಅದರೊಳಗೆ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಜೆಟ್ ಬದಲಾಯಿಸಿದ್ದು. ಕೊನೆಗೆ ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ, ಹೊಸ ಪಿಸ್ಟನ್, ಹೊಸ ರಿಂಗ್ ಕೂಡ ಹಾಕಿಸಿಬಿಟ್ಟಿದ್ದರು. ಇಷ್ಟಾದರೂ ಗಾಡಿ 40ರ ಮೇಲೆ ಹೋಗುತ್ತಿರಲಿಲ್ಲ.

"ಸೈಲೆನ್ಸರ್ ಬಿಚ್ಚಿದ್ದರಾ?" ಅಂತ ಕೇಳಿದೆ.

"ಅದು ಚೆನ್ನಾಗಿದೆ ಸರ್. ಎಲ್ಲೂ ತೂತಿಲ್ಲ. ಹೋದ ತಿಂಗಳು ಪೇಂಟ್ ಕೂಡ ಹೊಡೆಸಿದ್ದೀನಿ" ಅಂದಳು.

ಹೊರಗಿನ ಪೇಂಟ್ ನಿಜವಾಗಿಯೂ ಚೆನ್ನಾಗಿತ್ತು. ಸ್ಟಾರ್ಟ್ ಮಾಡಿಸಿ, ಕೊಳವೆಯ ಬಾಯಿಂದ ಸ್ವಲ್ಪ ಹಿಂದೆ ಅವಳ ಅಂಗೈ ಹಿಡಿಸಿದೆ. ಒಳ್ಳೆಯ ಸೈಲೆನ್ಸರ್ ಆದರೆ ಹೊಗೆ ಪಟ್ ಪಟ್ ಅಂತ ಕೈಗೆ ಬಡಿಯಬೇಕು. ಇಲ್ಲಿ ಸುಮ್ನೆ ಬೆಚ್ಚಗಿನ ಗಾಳಿ ಸೋಕುತ್ತಿತ್ತು, ಅಷ್ಟೇ. "ಮೊದಲಿಗಿಂತ ಸದ್ದು ಕಡಿಮೆ ಆಗಿದೆಯಾ?" ಅಂದೆ. "ಹೌದು ಸರ್, ತುಂಬಾ ಮೆತ್ತಗಾಗಿದೆ. ಇಂಜಿನ್ ನಯ ಆಯ್ತು ಅಂದುಕೊಂಡಿದ್ದೆ" ಅಂದಳು. ಕೇಳುಗರೇ, ಇದನ್ನು ನೆನಪಿಡಿ. ಹಳೆಯ ಟೂ ಸ್ಟ್ರೋಕ್ ತಾನಾಗಿಯೇ ಮೆತ್ತಗಾದರೆ ಅದು ಒಳ್ಳೆಯ ಸುದ್ದಿ ಅಲ್ಲ.

ಸಿಲಿಂಡರಿಗೆ ಸೈಲೆನ್ಸರ್ ಕೂರುವ ಜಾಗದ ನಟ್ ಸಡಿಲ ಮಾಡಿ ಒಂದಿಷ್ಟು ಸಂದು ಬಿಟ್ಟೆ. ಮತ್ತೆ ಸ್ಟಾರ್ಟ್ ಮಾಡಿದೆವು. ಕಿವಿ ಒಡೆಯುವಷ್ಟು ಸದ್ದು. ಆದರೆ ಆಕ್ಸಿಲರೇಟರ್ ಮುಟ್ಟಿದ ತಕ್ಷಣ ಇಂಜಿನ್ ಜುಮ್ಮನೆ ಎದ್ದಿತು. ಅವಳ ಮುಖ ನೋಡಬೇಕಿತ್ತು. ಇದನ್ನು ಕೆಲವೇ ಸೆಕೆಂಡು ಮಾಡಿ ನಿಲ್ಲಿಸಬೇಕು, ಹಾಗೇ ಓಡಿಸಬಾರದು. ರೋಗ ಎಲ್ಲಿದೆ ಅಂತ ತಿಳಿಯೋಕೆ ಅಷ್ಟು ಸಾಕು.

ಬಿಚ್ಚಿ ತೆಗೆದರೆ ಸೈಲೆನ್ಸರ್ ಎತ್ತುವಾಗಲೇ ಭಾರ. ಅಲ್ಲಾಡಿಸಿದರೆ ಒಳಗೆ ಚೂರುಗಳು ಗಲಗಲ ಅಂದವು. ಇಂಜಿನ್ನಿಂದ ಸೈಲೆನ್ಸರಿನ ಡಬ್ಬಿಗೆ ಹೋಗುವ ಬಗ್ಗುಕೊಳವೆಯ ಬಾಯಲ್ಲಿ ಕಾರ್ಬನ್ ಸುತ್ತಲೂ ಕಟ್ಟಿಕೊಂಡು, ನಡುವೆ ಕಿರುಬೆರಳು ತೂರುವಷ್ಟು ದಾರಿ ಉಳಿದಿತ್ತು. ಇಂಜಿನ್ ಕಡೆ ಅದು ಒಣಗಿ ಕಲ್ಲಾಗಿತ್ತು. ಹಿಂದಿನ ಕಡೆ ಜಿಡ್ಡು ಜಿಡ್ಡು, ಕಪ್ಪು ಅಂಟು. ಎಕ್ಸಾಸ್ಟ್ ಪೋರ್ಟಿನ ಅಂಚಿನಲ್ಲೂ ಅದೇ ಕಥೆ. ಬೋರ್ ಮಾಡುವಾಗ ಆ ಪೋರ್ಟ್ ಕಣ್ಣೆದುರೇ ಇರುತ್ತದೆ. ಅದನ್ನು ಕೆರೆಯದೆ ಸಿಲಿಂಡರ್ ವಾಪಸ್ ಕೂರಿಸಿದ್ದಾರೆ ಅಂದರೆ ನನಗೆ ಈಗಲೂ ಸಂಕಟ ಆಗುತ್ತದೆ. ಒಂದು ಒಳ್ಳೆಯ ಸಿಲಿಂಡರನ್ನು ಸುಮ್ನೆ ಕೊರೆದುಬಿಟ್ಟರು. ಮೊದಲು ಸೈಲೆನ್ಸರ್ ಬಿಚ್ಚಿದ್ದರೆ ಒಂದು ಮಧ್ಯಾಹ್ನದ ಕೆಲಸ ಇದು.

ಇಷ್ಟು ಕಾರ್ಬನ್ ಎಲ್ಲಿಂದ ಬಂತು? ತಾತ ಪೆಟ್ರೋಲಿಗೆ ಆಯಿಲ್ ಹಾಕುತ್ತಿದ್ದದ್ದು ಕಣ್ಣಂದಾಜಿನಲ್ಲಿ. "ಇಂಜಿನ್ ತಂಪಾಗಿರಲಿ" ಅಂತ ಪ್ರತಿ ಸಲ ಇನ್ನೊಂದು ಸ್ವಲ್ಪ ಜಾಸ್ತಿ. ಪ್ರೀತಿಯಿಂದಲೇ ಹಾಕಿದ್ದು. ಆದರೆ ಟೂ ಸ್ಟ್ರೋಕ್‌ನಲ್ಲಿ ಆ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯಬೇಕು. ಪೂರ್ತಿ ಉರಿಯದೆ ಉಳಿದದ್ದು ಹೊಗೆಯ ದಾರಿಯಲ್ಲೇ ಅಂಟಿಕೊಳ್ಳುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ 2 ಪರ್ಸೆಂಟ್ ಅಂತ ಇದ್ದರೆ ಲೀಟರಿಗೆ 20 ಮಿಲಿ, 5 ಲೀಟರಿಗೆ 100 ಮಿಲಿ. ತೀರಾ ಹಳೆಯ ಕೆಲವು ಮಾಡೆಲ್‌ಗಳಿಗೆ ಇದಕ್ಕಿಂತ ಜಾಸ್ತಿ ಬೇಕು, ಪುಸ್ತಕ ಹೇಳಿದಷ್ಟೇ ಹಾಕಿ. ಅಳತೆ ಲೋಟ ಇಟ್ಟುಕೊಳ್ಳಿ. ಹಾಕುವುದು ಟೂ ಸ್ಟ್ರೋಕ್‌ಗೆ ಅಂತಲೇ ಮಾಡಿದ ಟೂ ಟಿ ಆಯಿಲ್ ಆಗಿರಲಿ. ಕಾರಿನ ಇಂಜಿನ್ ಆಯಿಲ್ ಬೇಡವೇ ಬೇಡ, ಅದು ಉರಿದರೆ ಬೂದಿ ಉಳಿಯುತ್ತದೆ. ಇನ್ನು ಹತ್ತಿರ ಹತ್ತಿರ ಓಡಾಡಿ, ಇಂಜಿನ್ ಬಿಸಿಯಾಗುವ ಮೊದಲೇ ಆಫ್ ಮಾಡುವವರ ಗಾಡಿಯಲ್ಲೂ ಮಸಿ ಬೇಗ ಕಟ್ಟುತ್ತದೆ. ಚೋಕ್ ಹಾಕಿದ್ದನ್ನು ಮರೆತು ಓಡಿಸಿದರೂ ಅಷ್ಟೇ, ಏರ್ ಫಿಲ್ಟರ್ ಕೊಳೆಯಾದರೂ ಅಷ್ಟೇ.

ಕಥೆಯಲ್ಲೇ ಹೊತ್ತು ಹೋಯಿತು, ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಕ್ಲೀನ್ ಮಾಡುವುದನ್ನು ಬೇಗ ಹೇಳಿಬಿಡುತ್ತೇನೆ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೈ ಹಾಕಿ. ನಟ್ ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಕಾಯಿರಿ. ಜೋರು ಮಾಡಿದರೆ ನಟ್ ಕೂತಿರುವ ಸ್ಟಡ್ ಮುರಿಯುತ್ತದೆ, ಆಮೇಲೆ ಅದು ಬೇರೆಯೇ ತಲೆನೋವು. ಬಿಚ್ಚಿದ ಸೈಲೆನ್ಸರನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬಿಡಿ ಚೂರೆಲ್ಲ ಉದುರುತ್ತದೆ. ಬಗ್ಗುಕೊಳವೆಗೆ ಒಂದು ಹಳೆಯ ಕ್ಲಚ್ ಕೇಬಲ್ ಸಾಕು. ಅದರ ತುದಿಯ ಎಳೆಗಳನ್ನು ಬಿಡಿಸಿ ಕುಂಚದ ಹಾಗೆ ಮಾಡಿ ಒಳಗೆ ತೂರಿಸಿ ತಿರುಗಿಸಿ. ನನಗೆ ಇದಕ್ಕಿಂತ ಇಷ್ಟವಾದ ಉಪಕರಣ ಇನ್ನೊಂದಿಲ್ಲ. ಬಗ್ಗಿದ ಕಡೆಯೆಲ್ಲ ಬಗ್ಗಿಕೊಂಡು ಹೋಗಿ ಕೆರೆಯುತ್ತದೆ.

ಒಳಗಿನ ಡಬ್ಬಿಗೆ ಕೈ ಎಟಕುವುದಿಲ್ಲ, ವೆಲ್ಡ್ ಮಾಡಿರುತ್ತಾರೆ. ಅದಕ್ಕೆ ಕಾಸ್ಟಿಕ್ ಸೋಡಾ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಕಡ್ಡಾಯ. ತಣ್ಣೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಸೋಡಾದ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಒಂದು ಬದಿಗೆ ಬಿರಡೆ ಹಾಕಿ, ಬಯಲಿನಲ್ಲಿಟ್ಟು, ಒಳಗೆ ತುಂಬಿಸಿ ಒಂದು ದಿನ ಬಿಡಿ. ಇನ್ನೊಂದು ಬಾಯಿ ತೆರೆದೇ ಇರಲಿ. ಆಮೇಲೆ ಚೆನ್ನಾಗಿ ತೊಳೆದು ಒಣಗಿಸಿ. ಇದು ಉಕ್ಕಿನ ಸೈಲೆನ್ಸರಿಗೆ ಮಾತ್ರ. ಅಲ್ಯೂಮಿನಿಯಂ ಭಾಗಕ್ಕೆ ತಾಗಿದರೆ ಅದನ್ನೇ ತಿಂದುಹಾಕುತ್ತದೆ. ಹೊರಗಿನ ಪೇಂಟಿಗೆ ತಾಗಿದರೆ ಅದೂ ಏಳುತ್ತದೆ. ಕೆಲವರು ಒಳಗೆ ಪೆಟ್ರೋಲ್ ಸುರಿದು ಬೆಂಕಿ ಕೊಡುತ್ತಾರೆ. ಯಾವ ಕಾರಣಕ್ಕೂ ಬೇಡ, ಅದು ಸ್ಫೋಟ ಆಗಬಹುದು.

ಇನ್ನು ಎಕ್ಸಾಸ್ಟ್ ಪೋರ್ಟ್. ಪಿಸ್ಟನ್ನನ್ನು ಮೇಲಕ್ಕೆ ತಂದು ಕಿಂಡಿ ಮುಚ್ಚುವ ಹಾಗೆ ನಿಲ್ಲಿಸಿ, ಆಗ ಚೂರು ಸಿಲಿಂಡರಿನ ಒಳಗೆ ಬೀಳುವುದಿಲ್ಲ. ಕೆರೆಯುವುದಕ್ಕೆ ಬಿದಿರಿನ ಕಡ್ಡಿ ಅಥವಾ ಗಟ್ಟಿ ಮರದ ಚೂರು ಬಳಸಿ. ಸ್ಕ್ರೂಡ್ರೈವರ್ ಬೇಡ, ಪಿಸ್ಟನ್ ಮೇಲೆ ಗೀರು ಬೀಳುತ್ತದೆ. ಕೆರೆದ ಚೂರನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆದ ಮೇಲೇ ಪಿಸ್ಟನ್ ಅಲ್ಲಾಡಿಸಿ.

ವಾಪಸ್ ಕೂರಿಸುವಾಗ ಗ್ಯಾಸ್ಕೆಟ್ ಹೊಸದು ಹಾಕಿ. ಜೆಟ್ ಏನಾದರೂ ಈ ನಡುವೆ ಬದಲಾಯಿಸಿದ್ದರೆ ಕಂಪನಿ ಹೇಳಿದ ಅಳತೆಯದನ್ನೇ ಮತ್ತೆ ಹಾಕಿ, ಯಾಕೆಂದರೆ ಇಂಜಿನ್ ಈಗ ಜಾಸ್ತಿ ಗಾಳಿ ಎಳೆಯುತ್ತದೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ದಟ್ಟ ಹೊಗೆ ಬರುತ್ತದೆ, ಹೆದರಬೇಡಿ. ಒಂದು ಸುತ್ತು ಓಡಿಸಿಕೊಂಡು ಬನ್ನಿ. ಗಾಡಿ ತಣ್ಣಗಾದ ಮೇಲೆ ನಟ್‌ಗಳನ್ನು ಇನ್ನೊಂದು ಸಲ ಬಿಗಿ ಮಾಡಿ. ನಮಸ್ಕಾರ.